ಆಕರಶೋಧನೆಯೂ ಕಾಲೇಜು ಗ್ರಂಥಾಲಯವೂ

ಭದ್ರಾವತಿಯ ಹೆಸರನ್ನು ಕೇಳಿದೊಡನೆ ಕಬ್ಬಿಣ ಮತ್ತು ಕಾಗದಗಳು ನೆನಪಿಗೆ ಬರುವುದು ಸಹಜ. 1923ರಲ್ಲಿ ಇಲ್ಲಿಯ ಕುಲುಮೆಯಿಂದ ಕಬ್ಬಿಣ ಹೊರಬಂದಿತು; 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪಿತವಾಯಿತು. ಹಲವು ದಶಕಗಳ ಕಾಲ ನಾಡಿನ ಬರಹಕ್ಕೆ ಕಾಗದವನ್ನು ಒದಗಿಸಿದ ಈ ಊರಿನ ವಿದ್ಯಾರ್ಥಿಯು ತನ್ನ ಊರನ್ನು ಕುರಿತು ಹತ್ತು ಪುಟಗಳ ಪ್ರಬಂಧ ಬರೆಯಹೊರಟಾಗ, ಆಕರಗಳೆಲ್ಲ ಮೈಸೂರು, ಬೆಂಗಳೂರುಗಳಲ್ಲಿವೆಯೆಂದು ಭಾವಿಸಿ ಕೈಚೆಲ್ಲುವುದು ವಿಷಾದದ ಸಂಗತಿ. ಹೀಗೆ ಕೈಚೆಲ್ಲಿದವನು ಬರೆಯುವುದನ್ನೇನೂ ಬಿಡುವುದಿಲ್ಲ. ಯಾರೋ ಬರೆದುದನ್ನು ನೋಡಿ ಮತ್ತಾರೋ ಬರೆದುದನ್ನು ತಾನೂ ಬರೆದೊಪ್ಪಿಸುತ್ತಾನೆ. ಮೊದಲನೆಯವನ ತಪ್ಪು ಮೂರನೆಯವನ ಕೈಯಲ್ಲಿ ಪ್ರಮಾಣವಾಗಿಬಿಡುತ್ತದೆ.

ಈ ರೋಗಕ್ಕೆ ಮದ್ದು ಹತ್ತಿರದಲ್ಲಿಯೇ ಇದೆ. ಅದು ಕಾಲೇಜಿನ ಗ್ರಂಥಾಲಯ. ಎಲ್ಲ ಆಕರಗಳೂ ಅಲ್ಲಿರುತ್ತವೆಯೆಂದು ಇದರ ಅರ್ಥವಲ್ಲ. ಆಕರವು ಎಲ್ಲಿದೆ, ಯಾವ ಹೆಸರಿನಲ್ಲಿದೆ, ಅದನ್ನು ತಲುಪುವ ದಾರಿ ಯಾವುದು ಎಂಬುದನ್ನು ಕಲಿಸಬಲ್ಲ ಸ್ಥಳ ಅದು. ಗ್ರಂಥಾಲಯವನ್ನು ಪುಸ್ತಕಗಳ ಉಗ್ರಾಣವೆಂದು ತಿಳಿಯುವವರೆಗೆ ಈ ಪ್ರಯೋಜನವು ದೊರಕಲಾರದು.

ಒಂದು ನಿದರ್ಶನವನ್ನು ನೋಡಬಹುದು. ಭದ್ರಾವತಿಯ ಪ್ರಾಚೀನತೆಯನ್ನು ಅರಿಯಬಯಸುವ ವಿದ್ಯಾರ್ಥಿನಿಯೊಬ್ಬಳು ಬಿ.ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟವನ್ನು ತೆರೆದಳೆನ್ನೋಣ. ಅದು 1902ರಲ್ಲಿ ಪ್ರಕಟವಾದುದು. ‘ಭದ್ರಾವತಿ ತಾಲ್ಲೂಕು’ ಎಂದು ಹುಡುಕಿದರೆ ಅವಳಿಗೆ ಅಲ್ಲಿ ಏನೂ ಸಿಗದು. ಏಕೆಂದರೆ ಆಗ ಊರು ಬೆಂಕಿಪುರವೆಂದು ಪ್ರಸಿದ್ಧವಾಗಿತ್ತು. ಸಂಪುಟದಲ್ಲಿ ಇರುವವು ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಮಾತ್ರ. ಕೊನೆಯ ಎರಡು 1997ರಿಂದ ದಾವಣಗೆರೆ ಜಿಲ್ಲೆಗೆ ಸೇರಿವೆ. ಹಳೆಯ ಹೆಸರನ್ನೂ ಹಳೆಯ ಎಲ್ಲೆಗಳನ್ನೂ ಅರಿಯದವನಿಗೆ ಆಕರವು ಕಣ್ಣೆದುರಿಗಿದ್ದರೂ ಕಾಣದು. ಬಲ್ಲ ಗ್ರಂಥಪಾಲರೊಬ್ಬರು ಮೊದಲು ರೈಸರ 1897ರ ಪರಿಷ್ಕೃತ ಗೆಜೆಟಿಯರನ್ನು ತೋರಿಸಿ, ಅಲ್ಲಿಂದ ಶಾಸನ ಸಂಪುಟಕ್ಕೆ, ಅಲ್ಲಿಂದ ಊರಿನ ಲಕ್ಷ್ಮೀನರಸಿಂಹ ದೇವಾಲಯದ ಅಂಗಳಕ್ಕೆ ಆಕೆಯನ್ನು ಕಳುಹಿಸಿದರೆ, ಅದು ಒಂದು ವರ್ಷದ ಪಾಠಕ್ಕೆ ಸಮನಾದ ಶಿಕ್ಷಣವಾಗುತ್ತದೆ.

ಮಠಗಳ ವಿದ್ಯಾಸೇವೆಯನ್ನು ಕೊಂಡಾಡುವ ಸಭೆಗಳಲ್ಲಿ ಬಳ್ಳಿಗಾವೆಯ ಕೋಡಿಯಮಠದ ಪ್ರಸ್ತಾಪ ಬರುವುದುಂಟು. ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಅಧ್ಯಯನ ಅಲ್ಲಿ ನಡೆಯುತ್ತಿತ್ತು. ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತು ಎಂದು ಹೇಳಲಾಗುತ್ತದೆ. ಮಾತು ನಿಜವೇ ಹೌದು. ಆದರೆ ಅದಕ್ಕೆ ಆಧಾರವಾದುದು 1162ರ ಶಾಸನವೆಂಬುದನ್ನೂ, ಅದು ಇದೇ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ 102ನೆಯ ಶಾಸನವಾಗಿ ಮುದ್ರಿತವಾಗಿದೆಯೆಂಬುದನ್ನೂ ಹೇಳುವವರು ವಿರಳ. ಸಂಖ್ಯೆಯನ್ನು ಅರಿತವನು ಮೂಲವನ್ನು ತಾನೇ ಓದಬಲ್ಲನು. ಆ ಮಠವು ಕಾಳಾಮುಖ ಶೈವರದೆಂಬುದನ್ನೂ ಆಗ ಮರೆಯಲಾರನು. ಅರಿಯದವನು ಕೇಳಿದ್ದನ್ನು ನಂಬಬೇಕು, ಇಲ್ಲವೇ ಅಲ್ಲಗಳೆಯಬೇಕು. ಮೂಲವನ್ನು ನೋಡಿದವನ ಅಭಿಮಾನವು ಗಟ್ಟಿ ನೆಲದ ಮೇಲೆ ನಿಂತಿರುತ್ತದೆ.

ವಚನಗಳ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಡಾ. ಫ.ಗು. ಹಳಕಟ್ಟಿಯವರು ವಕೀಲಿ ವೃತ್ತಿಯ ನಡುವೆ ತಾಳೆಗರಿಗಳನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಅವರು ಪಟ್ಟ ಶ್ರಮದ ಫಲವಾಗಿ, ಮುಂದೆ ಅನೇಕ ವಿದ್ವಾಂಸರ ದುಡಿಮೆಯಿಂದ, ಕರ್ನಾಟಕ ಸರ್ಕಾರವು ‘ಸಮಗ್ರ ವಚನ ಸಂಪುಟ’ಗಳನ್ನು 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿತು. ಆದರೂ ಬಸವಣ್ಣನವರ ಹೆಸರಿನಲ್ಲಿ ಅವರು ಆಡದ ಮಾತುಗಳು ಆಹ್ವಾನ ಪತ್ರಿಕೆಗಳಲ್ಲಿ, ಗೋಡೆಯ ಫಲಕಗಳಲ್ಲಿ ಕಾಣಿಸಿಕೊಳ್ಳುತ್ತವೆ. ಸಂಪುಟವನ್ನು ತೆರೆದು ಅಂಕಿತವನ್ನೂ ಅಕಾರಾದಿಯನ್ನೂ ನೋಡಲು ಐದು ನಿಮಿಷ ಸಾಕು. ಶರಣರ ಮೇಲಣ ಭಕ್ತಿಯು ಈ ಐದು ನಿಮಿಷಗಳನ್ನಾದರೂ ಬೇಡುವುದಿಲ್ಲವೇ?

ಅಂಗೈಯಲ್ಲಿನ ಯಂತ್ರವೇ ಎಲ್ಲವನ್ನೂ ತೋರಿಸುವಾಗ ಗ್ರಂಥಾಲಯವೇಕೆ ಎಂದು ಕೇಳುವವರಿದ್ದಾರೆ. ಹಳೆಯ ಸಂಪುಟಗಳೂ, ‘ಶೋಧಗಂಗಾ’ದ ಮೂಲಕ ವಿಶ್ವವಿದ್ಯಾಲಯಗಳ ಸಂಶೋಧನ ಪ್ರಬಂಧಗಳೂ ಇಂದು ಮನೆಯಲ್ಲಿಯೇ ಓದಲು ದೊರೆಯುವುದು ನಿಜ, ಅದು ಬಡ ವಿದ್ಯಾರ್ಥಿಗೆ ದೊಡ್ಡ ಉಪಕಾರವೂ ಹೌದು. ಆದರೆ ಯಂತ್ರವು ಕೇಳಿದುದಕ್ಕೆ ಮಾತ್ರ ಉತ್ತರಿಸುತ್ತದೆ. ಬೆಂಕಿಪುರವೆಂದು ಕೇಳಬೇಕೆಂಬುದನ್ನು ಅದು ತಾನಾಗಿ ಹೇಳಿಕೊಡುವುದು ಅಪರೂಪ. ಕೇಳುವ ವಿವೇಕವನ್ನು ಕಲಿಸುವವರು ಮನುಷ್ಯರೇ ಆಗಬೇಕು. ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು 1931ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಎಸ್.ಆರ್. ರಂಗನಾಥನ್ ಅವರು ಪುಸ್ತಕದಷ್ಟೇ ಓದುಗನಿಗೂ ಅವನ ಕಾಲಕ್ಕೂ ಬೆಲೆ ಕೊಟ್ಟುದು ಈ ಕಾರಣದಿಂದಲೇ.

ಆದುದರಿಂದ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಗ್ರಂಥಪಾಲರನ್ನು ಬೀಗದ ಕೈ ಕಾಯುವವರಂತೆ ಕಾಣದೆ ಅಧ್ಯಾಪಕರ ಸಾಲಿನಲ್ಲಿ ಕಾಣಬೇಕು. ಪ್ರೌಢಶಾಲೆಯಲ್ಲಿಯೇ ಪದಸೂಚಿ, ಅಡಿಟಿಪ್ಪಣಿ, ಪ್ರಕಟಣೆಯ ವರ್ಷಗಳನ್ನು ನೋಡುವ ಅಭ್ಯಾಸ ಮಾಡಿಸಿದರೆ, ಕಾಲೇಜಿಗೆ ಹೋದ ಮಗು ಬೀರುಗಳ ಮುಂದೆ ಬೆದರಿ ನಿಲ್ಲದು. ಮುಂದೆ ಇದೇ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾಲಯದ ಗ್ರಂಥಭಂಡಾರಕ್ಕೂ ಧೈರ್ಯದಿಂದ ಕಾಲಿಡುವುದು. ದಾನಿಗಳು ಕಟ್ಟಡಕ್ಕೆ ಕೊಡುವಂತೆಯೇ ಪರಾಮರ್ಶನ ಗ್ರಂಥಗಳಿಗೂ ಕೊಡಬೇಕು. ಶಾಸನ ಸಂಪುಟವೊಂದು ಕಲ್ಲಿನ ಫಲಕಕ್ಕಿಂತ ಹೆಚ್ಚು ಕಾಲ ದಾನಿಯ ಹೆಸರನ್ನು ಉಳಿಸಬಲ್ಲದು.

ಇವೆಲ್ಲಕ್ಕಿಂತ ತುರ್ತಿನ ಕೆಲಸವೊಂದಿದೆ. ಕಾಗದ ಕಾರ್ಖಾನೆಯ ಯಂತ್ರಗಳು ಈ ಶತಮಾನದ ಎರಡನೆಯ ದಶಕದಲ್ಲಿ ನಿಂತುಹೋದವು. ಅಲ್ಲಿ ದುಡಿದವರ ಮನೆಗಳಲ್ಲಿ ಉಳಿದಿರಬಹುದಾದ ವರದಿಗಳು, ಸಂಘದ ಕರಪತ್ರಗಳು, ಭಾವಚಿತ್ರಗಳು, ಸಂಬಳದ ಚೀಟಿಗಳು ರದ್ದಿಯ ಅಂಗಡಿಯ ಪಾಲಾಗುವ ಮುನ್ನ ಊರಿನ ಕಾಲೇಜು ಗ್ರಂಥಾಲಯವನ್ನು ಸೇರಬೇಕು. ಇವು ರೈಸರ ಸಂಪುಟದಲ್ಲಿಲ್ಲ, ಯಾವ ಯಂತ್ರದಲ್ಲಿಯೂ ಇಲ್ಲ. ಕಳೆದರೆ ಮತ್ತೆ ಬರುವಂಥವೂ ಅಲ್ಲ. ಹಳೆಯ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಈ ಸಂಗ್ರಹಕಾರ್ಯವು ಒಂದೆರಡು ವರ್ಷಗಳಲ್ಲಿ ಕೈಗೂಡಬಹುದು.

ಈ ಸ್ಮರಣ ಸಂಚಿಕೆಯೂ ಒಂದು ದಿನ ಆಕರವಾಗುವುದು. ಐವತ್ತು ವರ್ಷಗಳ ಬಳಿಕ ಶಾಲೆಯ ಚರಿತ್ರೆಯನ್ನು ಬರೆಯುವ ಯುವಕನೊಬ್ಬನು ಇದನ್ನು ಅರಸುತ್ತಾ ಬರುವನು. ಅವನ ಕೈಗೆ ಸಿಗುವಂತೆ ಎರಡು ಪ್ರತಿಗಳನ್ನು ಕಾಲೇಜು ಗ್ರಂಥಾಲಯದಲ್ಲಿರಿಸಿ, ಸೂಚಿಯಲ್ಲಿ ನಮೂದಿಸುವುದರಿಂದಲೇ ಈ ಕೆಲಸಕ್ಕೆ ಶುಭಾರಂಭವಾಗಲಿ.