ಬೆಳಕಿಂಡಿಯ ಕೆಳಗೊಂದು ತಂಬಿಗೆ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಹಳೆಯ ಮಾಳಿಗೆ ಮನೆಗಳೆಂದರೆ ದಪ್ಪ ಗೋಡೆ, ಚಿಕ್ಕ ಕಿಟಕಿ, ಮೇಲೊಂದು ಬೆಳಕಿಂಡಿ. ಬೇಸಿಗೆಯ ಬಿಸಿಲನ್ನು ಹೊರಗೇ ತಡೆಯಲು ಹಿರಿಯರು ಕಂಡುಕೊಂಡ ಉಪಾಯವಿದು. ಈಗ ಆ ಮನೆಗಳು ಒಂದೊಂದಾಗಿ ಬಿದ್ದು ಸಿಮೆಂಟಿನ ಮನೆಗಳು ಏಳುತ್ತಿವೆ. ಹಿತ್ತಾಳೆಯ ತಂಬಿಗೆ, ಕಾಳು ಅಳೆಯುವ ಸೇರು, ಕಂದೀಲು ಗುಜರಿಯ ದಾರಿ ಹಿಡಿದಿವೆ. ಹೋಗುವ ಮುನ್ನ ಚಿತ್ರವನ್ನಾದರೂ ತೆಗೆದಿಡೋಣವೆಂದು ಮಕ್ಕಳು ಮೊಬೈಲ್ ಎತ್ತಿದರೆ ಬರುವುದು ಮಸುಕು ಮಸುಕಾದ, ಹಳದಿ ಬಣ್ಣದ, ಮರಳು ಎರಚಿದಂಥ ಚಿತ್ರ. “ಅಪ್ಪಾ, ಈ ಮೊಬೈಲ್ ಉಪಯೋಗಿಲ್ಲ, ಹೊಸಾದು ಕೊಡಸು” ಎಂಬ ಬೇಡಿಕೆ ಅಲ್ಲಿಂದ ಶುರು.

ತಪ್ಪು ಮೊಬೈಲಿನದಲ್ಲ. ನಡುಹಗಲ ಬಿಸಿಲಿನ ಪ್ರಮಾಣ ಸುಮಾರು 1 ಲಕ್ಷ ಲಕ್ಸ್. ಪಡಸಾಲೆಯ ಮೂಲೆಯಲ್ಲಿ 100 ಲಕ್ಸ್ ಇದ್ದರೆ ಹೆಚ್ಚು. ಅಂದರೆ ಸಾವಿರದಲ್ಲಿ ಒಂದು ಪಾಲು! ನಮ್ಮ ಕಣ್ಣು ಪಾಪೆಯನ್ನು ಹಿಗ್ಗಿಸಿ, ಅಕ್ಷಿಪಟಲದ ಸೂಕ್ಷ್ಮತೆಯನ್ನು ಹೆಚ್ಚಿಸಿಕೊಂಡು ಈ ಕೊರತೆಯನ್ನು ಮರೆಸಿಬಿಡುತ್ತದೆ.

ಕ್ಯಾಮೆರಾಕ್ಕೆ ಎರಡು ದಾರಿಗಳಿವೆ. ಒಂದು, ಹೆಚ್ಚು ಹೊತ್ತು ಬೆಳಕು ಕೂಡಿಸುವುದು. ಸೆಕೆಂಡಿನ 1/60 ಭಾಗದ ಬದಲು 1/15 ಭಾಗ ತೆರೆದಿಟ್ಟರೆ ನಾಲ್ಕು ಪಟ್ಟು ಬೆಳಕು ಸಿಗುತ್ತದೆ. ಆದರೆ ಅಷ್ಟರಲ್ಲಿ ಕೈ ಅಲುಗಿ ಚಿತ್ರ ಮಸುಕಾಗುತ್ತದೆ. ಇನ್ನೊಂದು, ಸಿಕ್ಕಷ್ಟು ಬೆಳಕಿನ ಸಂಕೇತವನ್ನು ವರ್ಧಿಸುವುದು. ಮಳೆಯ ಮೊದಲ ಹನಿಗಳು ಅಂಗಳದ ಫರಸಿಯ ಮೇಲೆ ಬೀಳುವುದನ್ನು ನೋಡಿ. ಒಂದು ಕಲ್ಲಿಗೆ ನಾಲ್ಕು ಹನಿ, ಪಕ್ಕದ್ದಕ್ಕೆ ಒಂದೂ ಇಲ್ಲ. ಜೋರು ಮಳೆಯಲ್ಲಿ ಎಲ್ಲವೂ ಒಂದೇ ಸಮ ತೋಯುತ್ತವೆ. ಬೆಳಕೂ ಫೋಟಾನುಗಳೆಂಬ ಕಣಗಳಾಗಿಯೇ ಬೀಳುತ್ತದೆ. ಕಣಗಳು ಕಡಿಮೆಯಾದಾಗ ಕಾಣುವ ಈ ಏರುಪೇರನ್ನು ಹಿಗ್ಗಿಸಿದರೆ ಸಿಗುವುದೇ ಆ ಮರಳು.

ಹಾಗಾದರೆ ಉಪಾಯ? ತಂಬಿಗೆ ಓಡಿಹೋಗುವುದಿಲ್ಲ! ಫ್ರಾನ್ಸಿನ ನಿಯೆಪ್ಸ್ 1826-27ರ ಸುಮಾರಿಗೆ ಕಿಟಕಿಯಿಂದ ತೆಗೆದ, ಇಂದು ಉಳಿದಿರುವ ಅತ್ಯಂತ ಹಳೆಯ ಛಾಯಾಚಿತ್ರಕ್ಕೆ ಗಂಟೆಗಟ್ಟಲೆ ಬೆಳಕು ಬೇಕಾಯಿತು. ಅಲುಗದ ವಸ್ತುವಿಗೆ ಸಮಯ ಕೊಟ್ಟರಾಯಿತು. ಮೊಬೈಲನ್ನು ಪುಸ್ತಕಗಳ ಒಟ್ಟಿಲಿಗೆ ಆನಿಸಿಡಿ. ಬೆರಳು ಮುಟ್ಟಿದ ಅದುರು ತಗಲದಂತೆ 3 ಸೆಕೆಂಡಿನ ಟೈಮರ್ ಹಾಕಿ. ರಾತ್ರಿ ಚಿತ್ರದ ಸೌಲಭ್ಯವಿದ್ದರೆ ಬಳಸಿ. ಅದು ಹಲವು ಚಿತ್ರಗಳನ್ನು ಕೂಡಿಸಿ ಸರಾಸರಿ ತೆಗೆಯುತ್ತದೆ. ನಾಲ್ಕು ಚಿತ್ರಗಳ ಸರಾಸರಿಯಲ್ಲಿ ಮರಳು ಅರ್ಧಕ್ಕಿಳಿಯುತ್ತದೆ.

ತಂಬಿಗೆಯನ್ನು ಕಿಟಕಿಯ ಪಕ್ಕಕ್ಕೆ ತನ್ನಿ. ನೇರ ಬಿಸಿಲು ಬೇಡ. ನೆರಳಿನ ಬದಿಗೆ ಬಿಳಿ ಪಂಚೆಯನ್ನೋ ಕಾಗದವನ್ನೋ ಹಿಡಿದರೆ ಅದು ಬೆಳಕನ್ನು ಮರಳಿಸುತ್ತದೆ. ಹಳದಿ ಬಲ್ಬು ಉರಿಯುತ್ತಿದ್ದರೆ ಆರಿಸಿ. ಎರಡು ಬಣ್ಣದ ಬೆಳಕು ಬೆರೆತರೆ ಒಂದನ್ನು ಸರಿಪಡಿಸಿದಾಗ ಇನ್ನೊಂದು ಕೆಡುತ್ತದೆ. ಫ್ಲಾಷ್ ಬೇಡವೇ ಬೇಡ; ಹಿತ್ತಾಳೆಯ ಮೇಲೆ ಬಿಳಿ ಚುಕ್ಕೆ ಬಿದ್ದು ಗುಂಡಗಿನ ಆಕಾರ ಚಪ್ಪಟೆಯಾಗುತ್ತದೆ.

ಇನ್ನು ತಿದ್ದುವ ಕೆಲಸ. ಮೂಲ ಚಿತ್ರವನ್ನು ಹಾಗೆಯೇ ಇಟ್ಟುಕೊಂಡು ನಕಲನ್ನು ಮಾತ್ರ ತಿದ್ದಿ. ಮೊದಲು ಬಿಳಿ ಕಾಗದ ಬಿಳಿಯಾಗಿ ಕಾಣುವಂತೆ ಬಣ್ಣ ಹೊಂದಿಸಿ, ನಂತರ ನೆರಳನ್ನು ತುಸು ಎತ್ತಿ. ಸಾಮಾನ್ಯ ಚಿತ್ರದಲ್ಲಿ ಪ್ರತಿ ಬಣ್ಣಕ್ಕೂ 0ಯಿಂದ 255ರವರೆಗೆ ಮೆಟ್ಟಿಲುಗಳಿರುತ್ತವೆ. 255 ಮುಟ್ಟಿ ಬೆಳ್ಳಗಾದ ಜಾಗದ ವಿವರ ಮರಳಿ ಬಾರದು. ಆದ್ದರಿಂದ ತೆಗೆಯುವಾಗಲೇ ತುಸು ಮಬ್ಬಾಗಿ ತೆಗೆಯುವುದು ಲೇಸು.

ಮರಳನ್ನು ಅಳಿಸುವ, ನುಣುಪು ಮಾಡುವ ಸಾಧನದ ಬಗ್ಗೆ ಎಚ್ಚರ. ನಮ್ಮ ಮನೆಗಳ ಪಾತ್ರೆಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರುಗಳಿರುತ್ತವಲ್ಲ? ಯಂತ್ರಕ್ಕೆ ಆ ಚುಕ್ಕೆಯೂ ಒಂದೇ, ಮರಳೂ ಒಂದೇ. ಚಿತ್ರ ಚೆಂದವಾಗುತ್ತದೆ, ಅಜ್ಜಿಯ ಹೆಸರು ಮಾಯವಾಗುತ್ತದೆ. ತಂಬಿಗೆ ಗುಜರಿಗೆ ಹೋದ ಮೇಲೆ ಅದನ್ನು ಎಲ್ಲಿಂದ ತರುವುದು?

ಮಾಡಿ ನೋಡಿ: ಹೆಸರಿರುವ ಪಾತ್ರೆಯನ್ನು ಕಿಟಕಿಯ ಬಳಿಯಿಟ್ಟು ಮೆಲ್ಲಗೆ ತಿರುಗಿಸಿ. ಬೆಳಕು ಓರೆಯಾಗಿ ಸವರಿದಾಗ ಪ್ರತಿ ಚುಕ್ಕೆಗೂ ನೆರಳು ಮೂಡಿ ಅಕ್ಷರಗಳು ಎದ್ದು ಕಾಣುತ್ತವೆ. ಸವೆದ ಶಾಸನ ಓದುವವರಿಗೂ ಈ ಓರೆ ಬೆಳಕೇ ನೆರವು. ಆಗ ಚಿತ್ರ ತೆಗೆಯಿರಿ. ಪಾತ್ರೆ ಯಾರದು, ಯಾವಾಗ ಮನೆಗೆ ಬಂತು ಎಂದು ಹಿರಿಯರನ್ನು ಕೇಳಿ ಚಿತ್ರದ ಜೊತೆ ಬರೆದಿಡಿ.