ಹಳೆಯ ಧ್ವನಿವರ್ಧಕವೂ ಕಲ್ಲಿನ ಪಡಸಾಲೆಯೂ

ರಾಯಚೂರು ನಗರದಲ್ಲಿಯೂ ದೇವದುರ್ಗ, ಮಾನ್ವಿ ಪಟ್ಟಣಗಳಲ್ಲಿಯೂ ಸಂಗೀತದ ಅಭಿರುಚಿಯುಳ್ಳ ಕೆಲವರ ಪಡಸಾಲೆಯಲ್ಲಿ ಮರದ ಎರಡು ದೊಡ್ಡ ಪೆಟ್ಟಿಗೆಗಳು ನಿಂತಿರುವುದುಂಟು. ಮೂವತ್ತು ನಲವತ್ತು ವರ್ಷಗಳ ಹಿಂದೆ ಹೈದರಾಬಾದಿನಿಂದಲೋ ಮುಂಬಯಿಯಿಂದಲೋ ಹೆಚ್ಚಿನ ಬೆಲೆ ತೆತ್ತು ತಂದ ಧ್ವನಿವರ್ಧಕಗಳು ಅವು. ಇಂದು ಅವುಗಳ ನಾದ ಮಂಕಾಗಿದೆ. ತಬಲೆಯ ಡಗ್ಗಾ ಗುಂಯ್‌ಗುಡುತ್ತದೆ. ಹಾಡಿನ ಮಾತು ತಿಳಿಯದು. ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾನೆ. ಮನೆಯ ಹುಡುಗರು ಅಂಗೈಯಲ್ಲಿ ಹಿಡಿಯುವ ಹೊಸ ಪೆಟ್ಟಿಗೆಯೊಂದನ್ನು ತಂದಿಡುತ್ತಾರೆ. ಈ ವ್ಯಾಪಾರದಲ್ಲಿ ಮನೆಯವರು ಪಡೆದುದಕ್ಕಿಂತ ಕಳೆದುಕೊಂಡದ್ದೇ ಹೆಚ್ಚೆಂದು ನನ್ನ ಅಭಿಪ್ರಾಯ. ಏಕೆಂದರೆ ಕೆಟ್ಟಿರುವುದು ಬಹುಪಾಲು ಆ ಪೆಟ್ಟಿಗೆಯಲ್ಲ. ಅದರೊಳಗಿನ ಎರಡು ಮೂರು ಅಗ್ಗದ ಭಾಗಗಳು ಮತ್ತು, ವಿಚಿತ್ರವೆನಿಸಿದರೂ ನಿಜ, ಅದು ನಿಂತಿರುವ ಕೋಣೆ.

ಧ್ವನಿವರ್ಧಕದ ರಚನೆಯನ್ನು ಮೊದಲು ತಿಳಿಯೋಣ. ಬಲವಾದ ಕಾಂತವೊಂದರ ಸಂದಿನಲ್ಲಿ ತೆಳುವಾದ ತಂತಿಸುರುಳಿಯು ತೂಗುತ್ತಿರುತ್ತದೆ. ಸುರುಳಿಗೆ ಕಾಗದದ ಶಂಕುವನ್ನು ಅಂಟಿಸಿರುತ್ತಾರೆ. ವಿದ್ಯುತ್ತು ಸುರುಳಿಯಲ್ಲಿ ಹಿಂದುಮುಂದಾಗಿ ಹರಿದಂತೆ ಶಂಕುವೂ ಹಿಂದುಮುಂದಾಗಿ ಅಲುಗಿ ಗಾಳಿಯನ್ನು ತಳ್ಳುತ್ತದೆ. ಅಮೆರಿಕೆಯ ರೈಸ್ ಮತ್ತು ಕೆಲ್ಲಾಗ್ ಎಂಬ ಇಬ್ಬರು ಎಂಜಿನಿಯರುಗಳು 1925ರಲ್ಲಿ ವಿವರಿಸಿದ ಈ ತತ್ತ್ವವೇ ಇಂದಿಗೂ ಬಹುತೇಕ ಎಲ್ಲ ಧ್ವನಿವರ್ಧಕಗಳಲ್ಲಿ ನಡೆದುಬಂದಿದೆ. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬಾತನು ಪೆಟ್ಟಿಗೆಯನ್ನು ಪೂರ್ತಿ ಮುಚ್ಚಿ, ಒಳಗಿನ ಗಾಳಿಯನ್ನೇ ಶಂಕುವಿನ ಸ್ಪ್ರಿಂಗಾಗಿ ಬಳಸಿ, ಸಣ್ಣ ಪೆಟ್ಟಿಗೆಯಿಂದಲೂ ಮಂದ್ರಸ್ವರವನ್ನು ಹೊರಡಿಸಿದನು. ನಮ್ಮ ದೇಶದಲ್ಲಿಯೂ 1970ರಲ್ಲಿ ಕಲ್ಕತ್ತೆಯ ಸೋನೋಡೈನ್ ಸಂಸ್ಥೆ ಹುಟ್ಟಿದ ಬಳಿಕ ಒಳ್ಳೆಯ ಪೆಟ್ಟಿಗೆಗಳು ತಯಾರಾದವು. ಮರ, ಶಂಕು, ತಂತಿ ಇವು ಜೋಪಾನವಾಗಿದ್ದರೆ ಅರ್ಧ ಶತಮಾನ ಬಾಳತಕ್ಕವು. ಫೆರೈಟ್ ಕಾಂತದ ಬಲವು ಮೂಲೆಯಲ್ಲಿ ಇಟ್ಟ ಮಾತ್ರಕ್ಕೆ ಕುಂದುವುದಿಲ್ಲ.

ಇನ್ನು ಕೋಣೆಯ ವಿಚಾರ. ರಾಯಚೂರು ಕಲ್ಲಿನ ಸೀಮೆ. ಕೋಟೆಯ ಗೋಡೆಯಲ್ಲಿ 1294ರ ಶಾಸನವುಳ್ಳ, ಸುಮಾರು 41 ಅಡಿ ಉದ್ದದ ಒಂದೇ ಕಲ್ಲನ್ನು ನೋಡದ ವಿದ್ಯಾರ್ಥಿ ಊರಿನಲ್ಲಿರಲಾರನು. ಮನೆಗಳಿಗೆ ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಫರಸಿ. ಬೇಸಿಗೆಗೆ ಇದು ತಂಪು, ಸಂಗೀತಕ್ಕೆ ಶತ್ರು. ನುಣುಪು ಕಲ್ಲು ತನ್ನ ಮೇಲೆ ಬಿದ್ದ ನಾದದ ನೂರರಲ್ಲಿ ತೊಂಬತ್ತೇಳು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಒಂದು ಅಕ್ಷರ ಅಡಗುವ ಮೊದಲೇ ಮುಂದಿನ ಅಕ್ಷರ ಬಂದು ಅದರ ಮೇಲೆ ಕೂಡುತ್ತದೆ. ಇದೇ ಅನುರಣನ.

1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಮಾತು ಕೇಳಿಸದೆ ಹೋದಾಗ ವಾಲೇಸ್ ಸಬೈನ್ ಎಂಬ ತರುಣ ಅಧ್ಯಾಪಕನು ಪರೀಕ್ಷೆಗೆ ಇಳಿದನು. ನಾದವು ಅಲ್ಲಿ ಐದೂವರೆ ಸೆಕೆಂಡುಗಳ ಕಾಲ ಉಳಿಯುತ್ತಿತ್ತು. ನಗರದ ಸದ್ದು ಅಡಗಿದ ರಾತ್ರಿಗಳಲ್ಲಿ ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು, ಆರ್ಗನ್ ಕೊಳವೆಯನ್ನು ನುಡಿಸಿ, ನಾದ ಅಡಗುವ ಕಾಲವನ್ನು ಅಳೆದನು. ಅದರಿಂದ ಹೊರಬಂದ ಸೂತ್ರ ಇಷ್ಟೆ: ಕೋಣೆಯ ಗಾತ್ರವನ್ನು ಘನಮೀಟರುಗಳಲ್ಲಿ 0.161ರಿಂದ ಗುಣಿಸಿ, ಕೋಣೆಯ ಒಟ್ಟು ಹೀರಿಕೆಯಿಂದ ಭಾಗಿಸಿದರೆ ನಾದಶಕ್ತಿಯು ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಯುವ ಕಾಲ ಸೆಕೆಂಡುಗಳಲ್ಲಿ ದೊರೆಯುತ್ತದೆ. ಒಂದು ಚದರ ಮೀಟರಿನ ತೆರೆದ ಕಿಟಕಿಯ ಹೀರಿಕೆಯೇ ಇಲ್ಲಿ ಒಂದು ಮಾನ. ಹೊರಗೆ ಹೋದ ನಾದ ಮರಳಿ ಬಾರದಷ್ಟೆ.

ನಮ್ಮ ಪಡಸಾಲೆಗೆ ಈ ಲೆಕ್ಕ ಹಾಕೋಣ. ಉದ್ದ 5 ಮೀಟರು, ಅಗಲ 4, ಎತ್ತರ 3 ಎನ್ನಿ. ಗಾತ್ರ 60 ಘನಮೀಟರು. ನೆಲ, ಮಾಳಿಗೆ, ಗೋಡೆ ಸೇರಿ 94 ಚದರ ಮೀಟರು. ಚದರ ಮೀಟರಿಗೆ 0.03ರಂತೆ ಹೀರಿಕೆ 2.8, ಅನುರಣನ ಕಾಲ ಸುಮಾರು 3.4 ಸೆಕೆಂಡು. ಇಂಥ ಕೋಣೆಯಲ್ಲಿ ಲಂಡನ್ನಿನಿಂದ ಹೊಚ್ಚಹೊಸ ಪೆಟ್ಟಿಗೆ ತರಿಸಿಟ್ಟರೂ ಗದ್ದಲವೇ. ಈಗ ಅಜ್ಜಿ ಹೊಲಿದ ದಪ್ಪ ಕೌದಿಗಳನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು 10 ಚದರ ಮೀಟರಿನಷ್ಟು ತೂಗುಬಿಡಿರಿ. ನೆಲಕ್ಕೆ 4 ಚದರ ಮೀಟರು ಹತ್ತಿಯ ಗಾದಿ ಹಾಸಿರಿ. ಮೂವರು ಕುಳಿತು ಕೇಳಿರಿ. ಕೌದಿಗೆ 0.4, ಗಾದಿಗೆ 0.6, ಆಳಿಗೆ 0.4 ಎಂದು ಸುಮಾರಾಗಿ ಹಿಡಿದರೆ ಒಟ್ಟು ಹೀರಿಕೆ 10ಕ್ಕೆ ಏರುತ್ತದೆ. ಕಾಲವು ಒಂದು ಸೆಕೆಂಡಿಗೂ ಕೆಳಗೆ ಇಳಿಯುತ್ತದೆ. ಎರಡು ಚದರ ಮೀಟರಿನ ಬಾಗಿಲನ್ನು ತೆರೆದಿಟ್ಟರೆ 0.8. ಕಾಸು ಖರ್ಚಿಲ್ಲ. ರಾಯಚೂರಿನಂಥ ಹತ್ತಿಯ ಮಾರುಕಟ್ಟೆಯ ಊರಿನವರು ನಾದಶೋಷಕ ಫಲಕಗಳನ್ನು ದೂರದ ಊರುಗಳಿಂದ ಕೊಂಡು ತರುವುದು ನನಗೆ ತಮಾಷೆಯಾಗಿ ತೋರುತ್ತದೆ.

ಮಂದ್ರಸ್ವರಗಳಿಗೆ ಮಾತ್ರ ಕೌದಿಯ ಔಷಧ ನಾಟುವುದಿಲ್ಲ. 35 ಡಿಗ್ರಿ ಉಷ್ಣತೆಯ ಗಾಳಿಯಲ್ಲಿ ನಾದದ ವೇಗ ಸೆಕೆಂಡಿಗೆ ಸುಮಾರು 352 ಮೀಟರು. 5 ಮೀಟರು ಉದ್ದದ ಕೋಣೆಯು 35 ಹರ್ಟ್ಸ್ ಆವೃತ್ತಿಗೂ ಅದರ ಗುಣಕಗಳಾದ 70, 105ಕ್ಕೂ ತಾನೇ ಕೊಳವೆಯಂತೆ ಅನುನಾದಗೊಳ್ಳುತ್ತದೆ. ಪೆಟ್ಟಿಗೆಯನ್ನು ಮೂಲೆಗೆ ಒತ್ತಿಟ್ಟರೆ ಈ ಉಪದ್ರವ ಇಮ್ಮಡಿಸುತ್ತದೆ. ತಬಲೆ, ಮೃದಂಗಗಳ ಕರಣೆಯು ಅವುಗಳ ಉಪಸ್ವರಗಳನ್ನು ಸಂಗೀತದ ಕ್ರಮಕ್ಕೆ ಹೊಂದಿಸುತ್ತದೆಂದು ಸಿ. ವಿ. ರಾಮನ್ ಮತ್ತು ಶಿವಕಾಳಿ ಕುಮಾರರು 1920ರಲ್ಲಿ ತೋರಿಸಿಕೊಟ್ಟರು. ವಾದ್ಯಗಾರನು ಅಷ್ಟು ನಾಜೂಕಾಗಿ ಹೊಂದಿಸಿದ ನಾದವನ್ನು ಗೋಡೆಯ ಮೂಲೆಯು ಹಾಳುಮಾಡಬಾರದಷ್ಟೆ. ಪೆಟ್ಟಿಗೆಗಳನ್ನು ಗೋಡೆಯಿಂದ ಎರಡು ಮೂರು ಅಡಿ ಈಚೆಗೆ, ಮೂಲೆಯಿಂದ ಇನ್ನೂ ದೂರಕ್ಕೆ ಎಳೆದು, ಒಂದೊಂದು ಗೇಣು ಸರಿಸುತ್ತ ಕೇಳಿ ನೋಡಿರಿ.

ಇಷ್ಟಾದ ಮೇಲೆಯೇ ಪೆಟ್ಟಿಗೆಯ ಒಳಗೆ ಕೈಹಾಕತಕ್ಕದ್ದು. ಅದಕ್ಕೂ ಮುಂಚೆ ಒಂದು ಪರೀಕ್ಷೆ: ಆಂಪ್ಲಿಫೈಯರಿನಿಂದ ತಂತಿಗಳನ್ನು ಬಿಡಿಸಿ, ಸ್ಪೀಕರಿನ ತಂತಿಗಳ ತುದಿಗೆ 1.5 ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿರಿ. ದೊಡ್ಡ ಶಂಕು ಹೊರಕ್ಕೋ ಒಳಕ್ಕೋ ಸರಿಯುವುದು. ಗುರುತು ಮಾಡಿದ ತಂತಿಯನ್ನು ಸೆಲ್ಲಿನ ಧನಧ್ರುವಕ್ಕೆ ಹಿಡಿದಾಗ ಎರಡೂ ಪೆಟ್ಟಿಗೆಗಳ ಶಂಕುಗಳು ಒಂದೇ ದಿಕ್ಕಿಗೆ ಸರಿಯಬೇಕು. ಒಂದು ತಿರುಗುಮುರುಗಾಗಿದ್ದರೆ ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡು ಮಂದ್ರಸ್ವರವೇ ಬಡವಾಗುತ್ತದೆ.

ಪೆಟ್ಟಿಗೆಯಲ್ಲಿ ಮೊದಲು ಮುಪ್ಪಾಗುವುದು ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರು. ತಾರಸ್ವರಗಳನ್ನು ಮಾತ್ರ ಚಿಕ್ಕ ಸ್ಪೀಕರಿಗೆ ಹಾಯಿಸುವ ದ್ವಾರಪಾಲಕನದು. ಅದರೊಳಗಿನ ದ್ರವವು ವರ್ಷಗಳು ಕಳೆದಂತೆ ಆರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧವಾಗುತ್ತದೆಂಬುದು ಎಂಜಿನಿಯರುಗಳ ಸ್ಥೂಲ ನಿಯಮ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಇದರ ಪರಿಣಾಮ ಹೇಳಬೇಕಾಗಿಲ್ಲ. 8 ಓಮಿನ ಸ್ಪೀಕರಿಗೆ 6.8 ಮೈಕ್ರೋಫ್ಯಾರಡ್ ಕೆಪ್ಯಾಸಿಟರನ್ನು ಸರಣಿಯಲ್ಲಿ ಜೋಡಿಸಿದರೆ ಸುಮಾರು 2,900 ಹರ್ಟ್ಸಿನಿಂದ ಮೇಲಿನ ನಾದ ಅದಕ್ಕೆ ಸಲ್ಲುತ್ತದೆ. ಬೆಲೆಯು 4.7ಕ್ಕೆ ಕುಗ್ಗಿದರೆ ಈ ಗಡಿ 4,200ಕ್ಕೆ ಏರಿ, ನಡುವಣ ಪಟ್ಟಿ ಬಡವಾಗುತ್ತದೆ. ವ್ಯಂಜನಗಳ ಸ್ಪಷ್ಟತೆ ಇರುವುದು ಇದೇ ಪಟ್ಟಿಯಲ್ಲಿ. ವಿಜಯದಾಸರ ಚೀಕಲಪರ್ವಿಯೂ ಜಗನ್ನಾಥದಾಸರ ಮಾನ್ವಿಯೂ ಈ ಜಿಲ್ಲೆಯವೇ. ಇಲ್ಲಿಯ ಮನೆಗಳಲ್ಲಿ ಉಳಿದಿರುವ ಹಳೆಯ ಕ್ಯಾಸೆಟ್ಟುಗಳಲ್ಲಿ ದಾಸರ ಪದಗಳೇ ಬಹಳ. ಪದದ ಮಾತೇ ಕೇಳದಿದ್ದರೆ ಉಳಿಯುವುದು ಬರಿಯ ರಾಗ. ಅದೇ ಬೆಲೆಯ ಪಾಲಿಪ್ರೊಪಿಲೀನ್ ಕೆಪ್ಯಾಸಿಟರನ್ನು ಬೆಸೆದರೆ ಹೋದ ಮಾತು ಮರಳುತ್ತದೆ. ಹೊಸದರ ಆಂತರಿಕ ರೋಧ ಕಡಮೆಯಾದ್ದರಿಂದ ಕೆಲವು ಪೆಟ್ಟಿಗೆಗಳಲ್ಲಿ ನಾದ ತುಸು ಚುರುಕಾಗಬಹುದು. ಆಗ ಅರ್ಧ ಓಮಿನಷ್ಟು ರೋಧಕವನ್ನು ಜೊತೆಗೆ ಸೇರಿಸುವುದು ಲೇಸು.

ಎರಡನೆಯ ರೋಗಿ ಶಂಕುವಿನ ಸುತ್ತಣ ಫೋಮಿನ ಅಂಚು. ಹದಿನೈದು ಇಪ್ಪತ್ತು ವರ್ಷಗಳಲ್ಲಿ ಅದು ಪುಡಿಪುಡಿಯಾಗುತ್ತದೆ. ಅದೇ ಅಳತೆಯ ಹೊಸ ಅಂಚನ್ನು ಅಂಟಿಸಬಹುದು. ಸುರುಳಿಯು ಸಂದಿನ ನಡುವೆಯೇ ನಿಲ್ಲುವಂತೆ ಕಾಗದದ ಚೂರುಗಳನ್ನು ತೂರಿಸಿ ಅಂಟು ಒಣಗುವವರೆಗೆ ಕಾಯುವ ತಾಳ್ಮೆಯೇ ಇಲ್ಲಿಯ ವಿದ್ಯೆ. ಎರೆಮಣ್ಣಿನ ಧೂಳು ಸಂದಿಗೆ ಬೀಳದಂತೆ ಗಾಳಿಯಿಲ್ಲದ ಹೊತ್ತಿನಲ್ಲಿ ಮಾಡಿರಿ.

ದಪ್ಪ ಬೆಲೆಯ ತಂತಿಗಳನ್ನು ಮಾರುವವರ ಮಾತನ್ನು ನಾನು ಒಪ್ಪಲಾರೆ. 1.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ತಂತಿ 5 ಮೀಟರು ಹೋಗಿ ಬರುವಷ್ಟರಲ್ಲಿ ಒಡ್ಡುವ ರೋಧ 0.12 ಓಮು, 8 ಓಮಿನ ಮುಂದೆ ಅದು ನೂರಕ್ಕೆ ಒಂದೂವರೆ. ಕಿವಿಗೆ ಅದು ಗೊತ್ತಾಗದು. ಮೂಲದ ಸ್ಪೀಕರುಗಳನ್ನು ಕಿತ್ತು ಮಾರುಕಟ್ಟೆಯಲ್ಲಿ ಸಿಕ್ಕ ಬೇರೆಯವನ್ನು ತುರುಕುವುದೂ ಹಾಗೆಯೇ ಅನುಚಿತ. ಪೆಟ್ಟಿಗೆಯ ಗಾತ್ರವನ್ನು ಒಂದು ನಿರ್ದಿಷ್ಟ ಶಂಕುವಿಗೆ ಲೆಕ್ಕಹಾಕಿ ಮಾಡಿರುತ್ತಾರೆ. ಸುರುಳಿ ಸುಟ್ಟು, ಮರ ಗೆದ್ದಲು ತಿಂದು ಹೋಗಿದ್ದರೆ ಮಾತು ಬೇರೆ; ಅಂಥದನ್ನು ಬಿಟ್ಟುಕೊಡಲೇಬೇಕು. ಹೊಸ ಚಿಕ್ಕ ಪೆಟ್ಟಿಗೆಗಳೂ ತಮ್ಮ ಗಾತ್ರಕ್ಕೆ ಮೆಚ್ಚತಕ್ಕ ಕೆಲಸ ಮಾಡುತ್ತವೆ. ಆದರೆ ಅವುಗಳಲ್ಲಿ ಹಲವನ್ನು ಅಂಟು ಹಾಕಿ ಮುಚ್ಚಿರುತ್ತಾರೆ. ಒಳಗೇನಿದೆಯೆಂದು ಹುಡುಗನೊಬ್ಬ ಬಿಚ್ಚಿ ನೋಡುವಂತಿಲ್ಲ. ನಾಲ್ಕು ಸ್ಕ್ರೂ ತಿರುಗಿಸಿದರೆ ತೆರೆಯುವ ಹಳೆಯ ಪೆಟ್ಟಿಗೆಯಲ್ಲಿ ಕಾಂತತ್ವ, ಅನುನಾದ, ಕೆಪ್ಯಾಸಿಟರು ಎಲ್ಲ ಪಾಠಗಳೂ ಒಂದೇ ಕಡೆ ಕಣ್ಣಿಗೆ ಕಾಣುತ್ತವೆ.

ಆದುದರಿಂದ ಜಿಲ್ಲೆಯ ಕಾಲೇಜುಗಳ ಭೌತವಿಜ್ಞಾನ ಪ್ರಯೋಗಶಾಲೆಯಲ್ಲಿ ಸೋನೋಮೀಟರಿನ ಪಕ್ಕದಲ್ಲಿ ಇಂಥದೊಂದು ಪೆಟ್ಟಿಗೆ ಇರಬೇಕೆಂದು ನಾನು ಬಯಸುತ್ತೇನೆ. ಗುಜರಿಯ ಬೆಲೆ ಕೊಟ್ಟರೆ ಸಾಕು. ಮನೆಯಲ್ಲಿ ಮಾಡಿ ನೋಡಬೇಕೆನ್ನುವವರಿಗೆ ಮೊಬೈಲ್ ಫೋನೇ ಉಪಕರಣ. ಬರಿಯ ಪಡಸಾಲೆಯಲ್ಲಿ ಬಲೂನೊಂದನ್ನು ಒಡೆದು ಆ ಸದ್ದನ್ನು ಫೋನಿನಲ್ಲಿ ಮುದ್ರಿಸಿಕೊಳ್ಳಿರಿ. ಕೌದಿ ತೂಗುಬಿಟ್ಟು, ಗಾದಿ ಹಾಸಿ ಇನ್ನೊಂದನ್ನು ಒಡೆಯಿರಿ. ಫೋನು ಎರಡು ಸಾರಿಯೂ ಒಂದೇ ಜಾಗದಲ್ಲಿರಲಿ, ಬಲೂನು ಒಂದೇ ಗಾತ್ರದ್ದಾಗಿರಲಿ.