ವ್ಯಾಖ್ಯೆಯ ಬಲೆಯಲ್ಲಿ ರಕ್ಷಣೆಯ ಕಾನೂನು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಗವರ್ನರ್ ಗ್ಯಾವಿನ್ ನ್ಯೂಸಮ್ 2025ರ ಅಕ್ಟೋಬರ್ 7ರಂದು ‘ಎ.ಬಿ. 715’ ಎಂಬ ಮಸೂದೆಗೆ ಅಂಕಿತ ಹಾಕಿದರು. ಶಾಲೆಗಳಲ್ಲಿ ಯಹೂದಿ ಮಕ್ಕಳ ವಿರುದ್ಧ ನಡೆಯುವ ತಾರತಮ್ಯವನ್ನು ತಡೆಯುವುದು ಇದರ ಉದ್ದೇಶ. ಇಸ್ರೇಲ್ ಮೇಲೆ ಹಮಾಸ್ ದಾಳಿ ನಡೆದು ಅಂದಿಗೆ ಸರಿಯಾಗಿ ಎರಡು ವರ್ಷ ತುಂಬಿತ್ತು. ಆ ದಾಳಿ ಮತ್ತು ಅದರ ಬೆನ್ನಿಗೇ ಆರಂಭವಾದ ಗಾಜಾ ಯುದ್ಧ ಅಮೆರಿಕದ ತರಗತಿಗಳನ್ನೂ ವಿಶ್ವವಿದ್ಯಾಲಯಗಳ ಅಂಗಳಗಳನ್ನೂ ಎರಡು ಪಾಳೆಯಗಳಾಗಿ ಒಡೆದಿದ್ದವು. ಹೀಗಾಗಿ ಕಾಯ್ದೆಯ ಸ್ವಾಗತವೂ ಎರಡು ಬಗೆಯದಾಗಿತ್ತು. ಯಹೂದಿ ಸಂಘಟನೆಗಳಲ್ಲಿ ಹೆಚ್ಚಿನವು ನಿಟ್ಟುಸಿರುಬಿಟ್ಟವು. ಶಿಕ್ಷಕರ ಸಂಘಗಳು ಪಾಠ ಹೇಳುವ ಸ್ವಾತಂತ್ರ್ಯಕ್ಕೆ ಕುತ್ತು ಬಂದಿತೆಂದು ಆತಂಕ ವ್ಯಕ್ತಪಡಿಸಿದವು.

ಈ ಎರಡು ಪ್ರತಿಕ್ರಿಯೆಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂದು ತೀರ್ಪು ಕೊಡುವುದು ಸುಲಭವಲ್ಲ. ಮಕ್ಕಳು ಅನುಭವಿಸುತ್ತಿರುವ ಕಿರುಕುಳವೂ ನಿಜ, ಶಿಕ್ಷಕರ ಭಯವೂ ನಿಜ. ಎರಡನ್ನೂ ಗೌರವಿಸುವ ಕಾನೂನು ಸಾಧ್ಯವೇ ಎಂಬುದು ಇಂದು ಅಮೆರಿಕದ ಮುಂದಿರುವ ಪ್ರಶ್ನೆ.

ಹಳೆಯ ಗಾಯ

ಶಿಕ್ಷಣ ಕ್ಷೇತ್ರಕ್ಕೂ ಯಹೂದಿ ದ್ವೇಷಕ್ಕೂ ಇರುವ ನಂಟು ಹೊಸದಲ್ಲ. ಒಂದು ಕಾಲದಲ್ಲಿ ಕಾನೂನೇ ಈ ದ್ವೇಷದ ಆಯುಧವಾಗಿತ್ತು. ತ್ಸಾರ್ ಆಳ್ವಿಕೆಯ ರಷ್ಯಾದಲ್ಲಿ 1887ರಿಂದ ಶಾಲೆ ಮತ್ತು ವಿಶ್ವವಿದ್ಯಾಲಯಗಳಲ್ಲಿ ಯಹೂದಿಗಳ ಸಂಖ್ಯೆಗೆ ಮಿತಿ ಹೇರಲಾಯಿತು. ಹಂಗೇರಿ 1920ರಲ್ಲಿ ಇಂಥದೇ ಕಾಯ್ದೆ ತಂದಿತು. ಹಿಟ್ಲರ್ ಅಧಿಕಾರಕ್ಕೆ ಬಂದ ಮೂರೇ ತಿಂಗಳಲ್ಲಿ, 1933ರ ಏಪ್ರಿಲ್ 25ರಂದು, ಶಾಲೆ ಹಾಗೂ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿನ ‘ದಟ್ಟಣೆ’ ತಡೆಯುವ ನೆಪದ ಕಾನೂನು ಜಾರಿಗೊಂಡು, ಹೊಸ ಪ್ರವೇಶಗಳಲ್ಲಿ ಯಹೂದಿಗಳ ಪಾಲನ್ನು ಶೇ. 1.5ಕ್ಕೆ ಇಳಿಸಿತು. ಪ್ರಜಾಪ್ರಭುತ್ವದ ಅಮೆರಿಕವೂ ಇದಕ್ಕೆ ಪೂರ್ತಿ ಹೊರತಾಗಿರಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಂದಿನ ಅಧ್ಯಕ್ಷ ಲಾರೆನ್ಸ್ ಲೋವೆಲ್ 1922ರಲ್ಲಿ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಕಡಿವಾಣ ಹಾಕಲು ಮುಂದಾದರು. ಬಹಿರಂಗ ಮಿತಿಗೆ ವಿರೋಧ ಬಂದಾಗ, ‘ನಡತೆ’ ಮತ್ತು ‘ವ್ಯಕ್ತಿತ್ವ’ದ ಹೆಸರಿನಲ್ಲಿ ಅದೇ ಕೆಲಸ ಸದ್ದಿಲ್ಲದೆ ನಡೆಯಿತು.

ಈ ನೆನಪು ಅಮೆರಿಕದ ಯಹೂದಿ ಕುಟುಂಬಗಳಲ್ಲಿ ಇನ್ನೂ ಹಸಿಯಾಗಿದೆ. ದೇಶದ ಜನಸಂಖ್ಯೆಯಲ್ಲಿ ಅವರ ಪಾಲು ಶೇ. 2ರ ಆಸುಪಾಸು. ಆದರೆ ಎಫ್‌ಬಿಐ ದಾಖಲಿಸುವ ಧರ್ಮಾಧಾರಿತ ದ್ವೇಷಾಪರಾಧಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಸುಮಾರು ಮೂರನೇ ಎರಡು ಭಾಗ ನಡೆದಿರುವುದು ಅವರ ವಿರುದ್ಧವೇ. 2024ರ ಮೇ ತಿಂಗಳಲ್ಲಿ ಬರ್ಕ್ಲಿ, ನ್ಯೂಯಾರ್ಕ್ ಹಾಗೂ ಮೇರಿಲ್ಯಾಂಡ್‌ನ ಮಾಂಟ್ಗೊಮರಿ ಕೌಂಟಿಯ ಶಾಲಾ ಆಡಳಿತದ ಮುಖ್ಯಸ್ಥರನ್ನು ಸಂಸತ್ತಿನ ಸಮಿತಿಯೊಂದು ಕರೆಸಿ ವಿಚಾರಿಸಿತ್ತು. ಸಮಸ್ಯೆ ವಿಶ್ವವಿದ್ಯಾಲಯಗಳಿಂದ ಶಾಲೆಗಳಿಗೆ ಇಳಿದಿದೆ ಎಂಬುದಕ್ಕೆ ಅದೇ ಸಾಕ್ಷಿ.

ಇದ್ದ ಕಾನೂನು ಯಾವುದು?

ಹಾಗಾದರೆ ಇದುವರೆಗೆ ಕಾನೂನೇ ಇರಲಿಲ್ಲವೇ? ಇತ್ತು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಅಧ್ಯಾಯದ ಪ್ರಕಾರ, ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಜನಾಂಗ, ಬಣ್ಣ ಅಥವಾ ರಾಷ್ಟ್ರೀಯ ಮೂಲದ ಆಧಾರದ ಮೇಲೆ ತಾರತಮ್ಯ ಮಾಡುವಂತಿಲ್ಲ. ಈ ಪಟ್ಟಿಯಲ್ಲಿ ‘ಧರ್ಮ’ ಎಂಬ ಪದವಿಲ್ಲ. ಯಹೂದಿ ವಿದ್ಯಾರ್ಥಿಯ ದೂರು ಧರ್ಮಕ್ಕೆ ಸಂಬಂಧಿಸಿದ್ದು ಎಂದು ಕೈಚೆಲ್ಲಲು ಬಹುಕಾಲ ಇದೇ ಕಾರಣವಾಗಿತ್ತು. ಕೇಂದ್ರ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ 2004ರಲ್ಲಿ ಈ ತೊಡಕನ್ನು ಬಿಡಿಸಿತು. ಒಂದು ಸಮುದಾಯಕ್ಕೆ ಧರ್ಮದ ಜೊತೆಗೆ ಸಮಾನ ವಂಶಮೂಲವೂ ಇದ್ದಲ್ಲಿ, ಆ ಮೂಲದ ಕಾರಣಕ್ಕೆ ನಡೆಯುವ ಕಿರುಕುಳವನ್ನು ಕಾಯ್ದೆ ತಡೆಯುತ್ತದೆ ಎಂದು ಅದು ಸ್ಪಷ್ಟಪಡಿಸಿತು. 2010ರಲ್ಲಿ ಈ ನಿಲುವು ಮತ್ತಷ್ಟು ಗಟ್ಟಿಯಾಯಿತು. ಯಹೂದಿಗಳಷ್ಟೇ ಅಲ್ಲ, ಮುಸ್ಲಿಂ, ಸಿಖ್ ಮತ್ತು ಹಿಂದೂ ವಿದ್ಯಾರ್ಥಿಗಳಿಗೂ ಇದೇ ರಕ್ಷಣೆ ಉಂಟೆಂದು ಆ ಕಚೇರಿಯ ಇತ್ತೀಚಿನ ಮಾರ್ಗಸೂಚಿಗಳು ಹೆಸರಿಸಿಯೇ ಹೇಳಿವೆ.

ಈ ಹಳೆಯ ಕಾನೂನು ನಿಷ್ಪ್ರಯೋಜಕವೇನಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2024ರ ವಸಂತದಲ್ಲಿ ಪ್ರತಿಭಟನಾಕಾರರು ಶಿಬಿರ ಹೂಡಿದಾಗ, ತಮ್ಮ ನಂಬಿಕೆಯ ಕಾರಣಕ್ಕೆ ಕ್ಯಾಂಪಸ್ಸಿನ ಕೆಲವು ಭಾಗಗಳಿಗೆ ಪ್ರವೇಶ ದೊರೆಯಲಿಲ್ಲವೆಂದು ಯಹೂದಿ ವಿದ್ಯಾರ್ಥಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ನ್ಯಾಯಾಧೀಶರೊಬ್ಬರು ವಿಶ್ವವಿದ್ಯಾಲಯದ ವಿರುದ್ಧ ತಾತ್ಕಾಲಿಕ ಆದೇಶ ಹೊರಡಿಸಿದರು. 2025ರ ಜುಲೈನಲ್ಲಿ ವಿಶ್ವವಿದ್ಯಾಲಯ 60 ಲಕ್ಷ ಡಾಲರ್‌ಗೂ ಹೆಚ್ಚು ಮೊತ್ತಕ್ಕೆ ರಾಜಿ ಮಾಡಿಕೊಂಡಿತು. ಇನ್ನೊಂದೆಡೆ, ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ (ಎಂಐಟಿ) ವಿರುದ್ಧದ ಮೊಕದ್ದಮೆ ಗೆಲ್ಲಲಿಲ್ಲ. ಅಲ್ಲಿ ನಡೆದ ಪ್ರತಿಭಟನೆ ಕೆಲವರಿಗೆ ಎಷ್ಟೇ ನೋವುಂಟುಮಾಡಿದ್ದರೂ ಅದರ ಬಹುಭಾಗ ಸಂವಿಧಾನ ರಕ್ಷಿಸುವ ಅಭಿವ್ಯಕ್ತಿ ಎಂದು ಮೇಲ್ಮನವಿ ನ್ಯಾಯಾಲಯ 2025ರ ಅಕ್ಟೋಬರ್‌ನಲ್ಲಿ ಅಭಿಪ್ರಾಯಪಟ್ಟಿತು.

ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಗೆರೆ ಎಲ್ಲಿದೆ ಎಂಬುದು ಸಾಮಾನ್ಯ ಓದುಗನಿಗೂ ತಿಳಿಯುತ್ತದೆ. ದಾರಿ ಅಡ್ಡಗಟ್ಟುವುದು ಕೃತ್ಯ. ಘೋಷಣೆ ಕೂಗುವುದು ಮಾತು. ಕೃತ್ಯವನ್ನು ಅಳೆಯಲು ನ್ಯಾಯಾಲಯಗಳಿಗೆ ಹೊಸ ವ್ಯಾಖ್ಯೆಯ ಅಗತ್ಯ ಬೀಳಲಿಲ್ಲ.

ವ್ಯಾಖ್ಯೆಯ ಜಗಳ

ಆದರೂ ರಾಜಕೀಯ ಕಾದಾಟವೆಲ್ಲ ನಡೆದಿರುವುದು ವ್ಯಾಖ್ಯೆಯ ಸುತ್ತಲೇ. ಅಂತರರಾಷ್ಟ್ರೀಯ ಹಾಲೊಕಾಸ್ಟ್ ಸ್ಮರಣಾ ಒಕ್ಕೂಟ 2016ರ ಮೇ ತಿಂಗಳಲ್ಲಿ ಯಹೂದಿ ದ್ವೇಷಕ್ಕೆ ಒಂದು ಕಾರ್ಯನಿರತ ವ್ಯಾಖ್ಯೆಯನ್ನು ಅಂಗೀಕರಿಸಿತು. ಅದರೊಂದಿಗೆ 11 ಉದಾಹರಣೆಗಳಿವೆ. ಅವುಗಳಲ್ಲಿ ಹೆಚ್ಚಿನವು ಇಸ್ರೇಲ್ ದೇಶಕ್ಕೆ ಸಂಬಂಧಿಸಿದವು. ಇತರ ಯಾವುದೇ ದೇಶದ ಬಗ್ಗೆ ಮಾಡುವಂಥ ಟೀಕೆಯನ್ನು ಇಸ್ರೇಲ್ ಬಗ್ಗೆ ಮಾಡಿದರೆ ಅದು ದ್ವೇಷವಾಗದು ಎಂದು ಆ ಪಠ್ಯವೇ ಹೇಳುತ್ತದೆ. ಆದರೆ ಇಸ್ರೇಲ್ ರಾಷ್ಟ್ರದ ಅಸ್ತಿತ್ವವನ್ನೇ ಜನಾಂಗೀಯವಾದದ ಕೂಸೆಂದು ಕರೆಯುವುದು, ಅದರ ನೀತಿಯನ್ನು ನಾಜಿಗಳ ನೀತಿಗೆ ಹೋಲಿಸುವುದು ಮುಂತಾದವು ದ್ವೇಷದ ಉದಾಹರಣೆಗಳ ಸಾಲಿನಲ್ಲಿವೆ. ಇವುಗಳಲ್ಲಿ ಎಷ್ಟು ದ್ವೇಷ, ಎಷ್ಟು ಕಟು ರಾಜಕೀಯ ಟೀಕೆ ಎಂಬ ಬಗ್ಗೆ ಯಹೂದಿ ವಿದ್ವಾಂಸರಲ್ಲೇ ಒಮ್ಮತವಿಲ್ಲ. 2021ರಲ್ಲಿ ಪ್ರಕಟವಾದ ‘ಜೆರುಸಲೇಂ ಘೋಷಣೆ’ ಈ ಭಿನ್ನಮತದಿಂದಲೇ ಹುಟ್ಟಿದ್ದು.

ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2019ರ ಡಿಸೆಂಬರ್‌ನಲ್ಲಿ ಹೊರಡಿಸಿದ ಕಾರ್ಯಾದೇಶ, ಆರನೇ ಅಧ್ಯಾಯದ ದೂರುಗಳನ್ನು ಪರಿಶೀಲಿಸುವಾಗ ಈ ವ್ಯಾಖ್ಯೆಯನ್ನು ಗಮನಕ್ಕೆ ತೆಗೆದುಕೊಳ್ಳಬೇಕೆಂದು ಸೂಚಿಸಿತು. ಅದನ್ನೇ ಶಾಸನವಾಗಿಸುವ ‘ಯಹೂದಿ ದ್ವೇಷ ಜಾಗೃತಿ ಮಸೂದೆ’ 2024ರ ಮೇ 1ರಂದು ಜನಪ್ರತಿನಿಧಿ ಸಭೆಯಲ್ಲಿ 320-91 ಮತಗಳಿಂದ ಗೆದ್ದಿತು. ಸೆನೆಟ್ ಅದನ್ನು ಮತಕ್ಕೆ ಹಾಕಲಿಲ್ಲ. 2025ರಲ್ಲಿ ಮತ್ತೆ ಮಂಡನೆಯಾದಾಗ ಸೆನೆಟ್ ಸಮಿತಿಯಲ್ಲೇ ತಿದ್ದುಪಡಿಗಳ ಸುಳಿಗೆ ಸಿಲುಕಿತು. 2024ರಲ್ಲಿ ವಿರೋಧಿಸಿದ 91 ಮಂದಿಯಲ್ಲಿ 70 ಡೆಮಾಕ್ರಟರು, 21 ರಿಪಬ್ಲಿಕನ್ನರು. ಹಿರಿಯ ಯಹೂದಿ ಸಂಸದ ಜೆರಾಲ್ಡ್ ನಾಡ್ಲರ್ ವಾಕ್‌ಸ್ವಾತಂತ್ರ್ಯದ ಕಾರಣಕ್ಕೆ ವಿರೋಧಿಸಿದರೆ, ಕೆಲವು ರಿಪಬ್ಲಿಕನ್ನರು ಬೈಬಲ್ಲಿನ ಮಾತುಗಳೇ ಅಪರಾಧವಾದಾವೆಂದು ಹಿಂಜರಿದರು.

ವ್ಯಾಖ್ಯೆಯ ಮೂಲ ಕರಡನ್ನು ರೂಪಿಸಿದವರಲ್ಲಿ ಪ್ರಮುಖರಾದ ಕೆನೆತ್ ಸ್ಟರ್ನ್ ಅವರ ನಿಲುವು ಇಲ್ಲಿ ಉಲ್ಲೇಖಾರ್ಹ. ಯುರೋಪಿನಲ್ಲಿ ದ್ವೇಷದ ಘಟನೆಗಳ ಅಂಕಿಅಂಶ ಕಲೆಹಾಕಲು ರೂಪಿಸಿದ ಅಳತೆಗೋಲನ್ನು ವಿದ್ಯಾರ್ಥಿಗಳ ಬಾಯಿ ಮುಚ್ಚಿಸಲು ಬಳಸಕೂಡದೆಂದು ಅವರು 2017ರಲ್ಲೇ ಸಂಸತ್ತಿನ ಸಮಿತಿಯೆದುರು ವಾದಿಸಿದ್ದರು.

ಆ ಎಚ್ಚರಿಕೆ ಹುಸಿಯಾಗಲಿಲ್ಲ. 2025ರಲ್ಲಿ ಟ್ರಂಪ್ ಆಡಳಿತ ಯಹೂದಿ ವಿದ್ಯಾರ್ಥಿಗಳ ರಕ್ಷಣೆಯ ಹೆಸರಿನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ 40 ಕೋಟಿ ಡಾಲರ್ ಅನುದಾನ ರದ್ದುಪಡಿಸಿತು. ಹಾರ್ವರ್ಡ್‌ಗೆ ಸಲ್ಲಬೇಕಿದ್ದ 200 ಕೋಟಿ ಡಾಲರ್‌ಗೂ ಹೆಚ್ಚಿನ ಸಂಶೋಧನಾ ಹಣವನ್ನು ತಡೆಹಿಡಿಯಿತು. ಯಹೂದಿ ವಿದ್ಯಾರ್ಥಿಗೆ ಆದ ಅವಮಾನಕ್ಕೂ ಪ್ರಯೋಗಾಲಯದ ರೋಗ ಸಂಶೋಧನೆಗೂ ಎತ್ತಣಿಂದೆತ್ತಣ ಸಂಬಂಧ? ಹಾರ್ವರ್ಡ್‌ನಲ್ಲಿ ಯಹೂದಿ ದ್ವೇಷ ಇದ್ದುದು ನಿಜ, ಸಂಸ್ಥೆ ಇನ್ನೂ ಚೆನ್ನಾಗಿ ನಿಭಾಯಿಸಬಹುದಿತ್ತು ಎಂದು ಒಪ್ಪಿಕೊಂಡೇ, ಸರ್ಕಾರ ಈ ವಿಷಯವನ್ನು ಬರೀ ಮರೆಯಾಗಿ ಬಳಸಿತೆಂದು ನ್ಯಾಯಾಧೀಶೆ ಆಲಿಸನ್ ಬರೋಸ್ 2025ರ ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತರು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಅದೇ ವರ್ಷ ಪ್ಯಾಲೆಸ್ಟೀನ್ ಪರ ದನಿಯೆತ್ತಿದ ಹಲವು ವಿದೇಶಿಯರ ವೀಸಾ ರದ್ದಾಯಿತು. ವಾಷಿಂಗ್ಟನ್ನಿನ ವಿಶ್ವವಿದ್ಯಾಲಯವೊಂದರ ಭಾರತೀಯ ಸಂಶೋಧಕರೊಬ್ಬರು ಸುಮಾರು ಎರಡು ತಿಂಗಳು ಬಂಧನದಲ್ಲಿದ್ದು, ನ್ಯಾಯಾಲಯದ ಆದೇಶದಿಂದ ಹೊರಬಂದರು.

ಕ್ಯಾಲಿಫೋರ್ನಿಯಾದ ದಾರಿ

ಈ ಹಿನ್ನೆಲೆಯಲ್ಲಿ ಎ.ಬಿ. 715ನ್ನು ಓದಬೇಕು. ಅದು ವಿವಾದಿತ ವ್ಯಾಖ್ಯೆಯನ್ನು ನೇರವಾಗಿ ಶಾಸನದ ಒಡಲಿಗೆ ಇಳಿಸಲಿಲ್ಲ. ರಾಜ್ಯ ಮಟ್ಟದಲ್ಲಿ ಒಂದು ನಾಗರಿಕ ಹಕ್ಕುಗಳ ಕಚೇರಿ, ಅದರಲ್ಲಿ ಯಹೂದಿ ದ್ವೇಷ ತಡೆಗೆ ಒಬ್ಬ ಸಮನ್ವಯಾಧಿಕಾರಿ, ದೂರು ವಿಚಾರಣೆಗೆ ನಿಗದಿತ ಕ್ರಮ ಇವು ಅದರ ತಿರುಳು. ಜೊತೆಯಲ್ಲೇ ಅಂಗೀಕಾರಗೊಂಡ ‘ಎಸ್.ಬಿ. 48’ ಇತರ ಧರ್ಮ, ಜನಾಂಗ ಮತ್ತು ಲಿಂಗ ಸಂಬಂಧಿ ತಾರತಮ್ಯಗಳಿಗೂ ಇಂಥ ಅಧಿಕಾರಿಗಳನ್ನು ಒದಗಿಸಿತು.

ಕಚೇರಿಯ ಅಗತ್ಯವೇನು ಎಂಬುದಕ್ಕೆ ಉತ್ತರ ವಾಷಿಂಗ್ಟನ್ನಿನಲ್ಲಿದೆ. ಯಹೂದಿ ದ್ವೇಷದ ವಿರುದ್ಧ ಸಮರ ಸಾರಿದ್ದ ಅದೇ ಕೇಂದ್ರ ಆಡಳಿತ 2025ರ ಮಾರ್ಚ್‌ನಲ್ಲಿ ಶಿಕ್ಷಣ ಇಲಾಖೆಯ ಸಿಬ್ಬಂದಿಯನ್ನು ಸುಮಾರು ಅರ್ಧಕ್ಕೆ ಇಳಿಸುವುದಾಗಿ ಪ್ರಕಟಿಸಿತು. ನಾಗರಿಕ ಹಕ್ಕುಗಳ ಕಚೇರಿಯ 12 ಪ್ರಾದೇಶಿಕ ಶಾಖೆಗಳಲ್ಲಿ ಏಳಕ್ಕೆ ಬೀಗ ಹಾಕಲು ಹೊರಟಿತು. ಅವುಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಶಾಖೆಯೂ ಒಂದು. ದೂರು ಸ್ವೀಕರಿಸುವ ಗುಮಾಸ್ತನಿಲ್ಲದ ಮೇಲೆ ವ್ಯಾಖ್ಯೆ ಎಷ್ಟು ಬಿಗಿಯಾಗಿದ್ದರೇನು?

ಆದರೆ ಕ್ಯಾಲಿಫೋರ್ನಿಯಾದ ಕಾಯ್ದೆಯೂ ದೋಷಮುಕ್ತವಲ್ಲ. ಪಾಠವು ವಾಸ್ತವಾಂಶಗಳಿಂದ ಕೂಡಿರಬೇಕು, ವೈಯಕ್ತಿಕ ಅಭಿಪ್ರಾಯ ಮತ್ತು ಪಕ್ಷಪಾತದಿಂದ ದೂರವಿರಬೇಕು ಎಂದು ಅದು ವಿಧಿಸುತ್ತದೆ. ಕೇಳಲು ಹಿತವಾದ ಮಾತು. ಗಾಜಾ ಕುರಿತು ವಿದ್ಯಾರ್ಥಿಯೊಬ್ಬ ಪ್ರಶ್ನೆ ಕೇಳಿದಾಗ ವಾಸ್ತವ ಯಾವುದು, ಅಭಿಪ್ರಾಯ ಯಾವುದು ಎಂದು ನಿರ್ಧರಿಸುವವರು ಯಾರು? ದೂರಿನ ಭಯದಿಂದ ಶಿಕ್ಷಕ ಆ ವಿಷಯವನ್ನೇ ಬಿಟ್ಟುಬಿಟ್ಟರೆ ನಷ್ಟ ಎಲ್ಲ ಮಕ್ಕಳಿಗೂ ಆಗುತ್ತದೆ. ಅಲ್ಲದೆ ಕಾಯ್ದೆ ಮಾರ್ಗದರ್ಶನಕ್ಕೆ ಆಧರಿಸಿರುವುದು 2023ರ ಮೇ ತಿಂಗಳಲ್ಲಿ ಬೈಡನ್ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಕಾರ್ಯತಂತ್ರವನ್ನು. ಅದರಲ್ಲಿ ವಿವಾದಿತ ವ್ಯಾಖ್ಯೆಗೆ ಮನ್ನಣೆಯಿದೆ. ಮುಂಬಾಗಿಲಲ್ಲಿ ತಡೆದದ್ದು ಹಿತ್ತಿಲಿನಿಂದ ಬಂದೀತೆಂಬ ಶಿಕ್ಷಕರ ಗುಮಾನಿಗೆ ಇದೇ ಆಧಾರ.

ಕನ್ನಡಿಗರಿಗೆ ಏನು ಪಾಠ?

ಫ್ರೀಮಾಂಟ್, ಕುಪರ್ಟಿನೊ, ಸನ್ನಿವೇಲ್‌ಗಳ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಕುಟುಂಬಗಳ ಮಕ್ಕಳೂ ಕಲಿಯುತ್ತಿದ್ದಾರೆ. ಅವರ ಪಾಲಿಗೆ ಇದು ದೂರದ ಸುದ್ದಿಯಲ್ಲ. ಜಾತಿ ತಾರತಮ್ಯವನ್ನು ಹೆಸರಿಸಿ ನಿಷೇಧಿಸುವ ‘ಎಸ್.ಬಿ. 403’ ಮಸೂದೆ ಭಾರತೀಯ ಸಮುದಾಯವನ್ನು ಎರಡಾಗಿ ಸೀಳಿದ್ದು ಇದೇ ರಾಜ್ಯದಲ್ಲಿ. 2023ರಲ್ಲಿ ಅದನ್ನು ತಳ್ಳಿಹಾಕುವಾಗ ಗವರ್ನರ್ ನ್ಯೂಸಮ್ ಕೊಟ್ಟ ಕಾರಣ, ಇರುವ ಕಾನೂನುಗಳೇ ಜಾತಿ ತಾರತಮ್ಯವನ್ನು ಈಗಾಗಲೇ ನಿಷೇಧಿಸಿವೆ ಎಂಬುದು. ಎರಡು ವರ್ಷಗಳ ನಂತರ ಯಹೂದಿ ಮಕ್ಕಳ ವಿಷಯದಲ್ಲೂ ಅದೇ ಮಾತು ಹೇಳಬಹುದಿತ್ತು. ರಾಜ್ಯದ ಶಿಕ್ಷಣ ಸಂಹಿತೆ ಧರ್ಮ ಮತ್ತು ಜನಾಂಗದ ತಾರತಮ್ಯವನ್ನು ಬಹಳ ಹಿಂದೆಯೇ ನಿಷೇಧಿಸಿತ್ತು. ಆದರೂ ಅಂಕಿತ ಬಿದ್ದಿತು.

ಒಂದು ಸಮುದಾಯದ ನೋವಿಗೆ ಪ್ರತ್ಯೇಕ ಹೆಸರು ಬೇಕು, ಇನ್ನೊಂದರದ್ದಕ್ಕೆ ಬೇಡ ಎಂಬ ಅಳತೆ ಬಹುಕಾಲ ನಿಲ್ಲಲಾರದು. ಜಾತಿಯ ಪ್ರಶ್ನೆ ಮತ್ತೆ ಬಂದಾಗ ಸ್ಯಾಕ್ರಮೆಂಟೊ ಇದಕ್ಕೆ ಉತ್ತರ ಹೇಳಬೇಕಾಗುತ್ತದೆ. ಹಾಗೆಯೇ, ಹೆಸರು ಸಿಕ್ಕ ಮಾತ್ರಕ್ಕೆ ನ್ಯಾಯ ಸಿಗುತ್ತದೆಂಬ ಭರವಸೆಯೂ ಇಲ್ಲ. ಹೊಸ ಕಾಯ್ದೆಯನ್ನು ಮುಂದಿನ ದಿನಗಳಲ್ಲಿ ಅಳೆಯಬೇಕಾದದ್ದು ಸರಳವಾದ ಎರಡು ಪ್ರಶ್ನೆಗಳಿಂದ. ಮೇಜಿನ ಮೇಲೆ ಸ್ವಸ್ತಿಕದ ಗೀರು ಕಂಡು ಅಳುತ್ತ ಮನೆಗೆ ಬಂದ ಮಗುವಿನ ದೂರಿಗೆ ಎಷ್ಟು ದಿನಗಳಲ್ಲಿ ಉತ್ತರ ಸಿಕ್ಕಿತು? ಗಾಜಾದ ಸಾವುಗಳ ಬಗ್ಗೆ ಪ್ರಶ್ನೆ ಕೇಳಿದ ಮತ್ತೊಂದು ಮಗುವಿಗೆ ತರಗತಿಯಲ್ಲಿ ಉತ್ತರ ಸಿಕ್ಕಿತೇ? ಎರಡಕ್ಕೂ ಒಳ್ಳೆಯ ಉತ್ತರ ಬಂದ ದಿನ ಕ್ಯಾಲಿಫೋರ್ನಿಯಾದ ಪ್ರಯೋಗ ಗೆದ್ದಿತೆನ್ನಬಹುದು.